ಹಿತ್ತಲ ಕೋಳಿಯೂ ಕೊಟ್ಟಿಗೆಯ ಹಸುವೂ: ಸಣ್ಣ ಹಿಡುವಳಿಯ ಒಂದು ದಿನಚರಿ

ದಕ್ಷಿಣ ಕರ್ನಾಟಕದ ಬಯಲುಸೀಮೆಯಲ್ಲಿ, ಮಳೆಯನ್ನೇ ನಂಬಿ ರಾಗಿ, ಅವರೆ, ಹುರುಳಿ ಬೆಳೆಯುವ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ, ಎರಡು ಮೂರು ಎಕರೆ ಹಿಡುವಳಿಯ ಮನೆಗಳಲ್ಲಿ ಒಂದೆರಡು ಹಸು, ನಾಲ್ಕಾರು ಕುರಿ ಅಥವಾ ಮೇಕೆ, ಹತ್ತಿಪ್ಪತ್ತು ಕೋಳಿ ಇರುವುದು ಸಾಮಾನ್ಯ. ಸರ್ಕಾರಿ ದಾಖಲೆಗಳಲ್ಲಿ ಇವು ಹೈನುಗಾರಿಕೆ, ಕುರಿ ಸಾಕಾಣಿಕೆ, ಕುಕ್ಕುಟ ಪಾಲನೆ ಎಂದು ಬೇರೆ ಬೇರೆ ಕಲಮುಗಳಲ್ಲಿ ನಮೂದಾಗುತ್ತವೆಯಾದರೂ ಮನೆಯ ಸುತ್ತ ಅವು ಒಂದೇ ವ್ಯವಸ್ಥೆಯ ಅಂಗಗಳಾಗಿ ಬದುಕುತ್ತವೆ: ರಾಗಿಯ ಕಾಳು ಮನೆಯವರಿಗೆ, ಹುಲ್ಲು ಹಸುವಿಗೆ, ಸಗಣಿ ತಿಪ್ಪೆಗೆ, ತಿಪ್ಪೆಯ ಹುಳು ಕೋಳಿಗೆ, ಕೋಳಿ ಕೆದಕಿ ಹುಡಿಮಾಡಿದ ಗೊಬ್ಬರ ಮರಳಿ ಹೊಲಕ್ಕೆ. ಈ ಸರಣಿಯಲ್ಲಿ ಬೆಲೆ ಕಡಿಮೆಯೆಂಬ ಕಾರಣಕ್ಕೆ ಅತ್ಯಂತ ಕಡಿಮೆ ಗಮನ ಪಡೆಯುವ ಜೀವಿ ಕೋಳಿ. ಆದರೆ ಅದರ ಪಾಲನೆಯನ್ನು ಹತ್ತಿರದಿಂದ ಪರಿಶೀಲಿಸಿದರೆ, ಸಣ್ಣ ಹಿಡುವಳಿಯಲ್ಲಿ ಆದಾಯ ಹೆಚ್ಚುವುದು ಹೆಚ್ಚು ಮೊಟ್ಟೆ ಇಡಿಸುವುದರಿಂದ ಅಥವಾ ಹೆಚ್ಚು ತೂಕ ಬರಿಸುವುದರಿಂದ ಎನ್ನುವುದಕ್ಕಿಂತ, ಹುಟ್ಟಿದ ಮರಿಗಳನ್ನು ಸಾವಿನಿಂದ ಉಳಿಸಿಕೊಳ್ಳುವುದರಿಂದ ಎಂಬುದು ಮನದಟ್ಟಾಗುತ್ತದೆ.

ಹಿತ್ತಲ ಕೋಳಿ ಸಾಕಣೆಯನ್ನು ಕಳೆದುಹೋದ ಕಾಲದ ಪಳೆಯುಳಿಕೆಯೆಂದು ಭಾವಿಸುವವರಿದ್ದಾರೆ. ಅಂಕಿಗಳು ಅದನ್ನು ಸಮರ್ಥಿಸುವುದಿಲ್ಲ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದ ಒಟ್ಟು 85.18 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಲ್ಲಿ ಸಾಕಿದವು, ಮತ್ತು ಇದು 2012ರ ಗಣತಿಗಿಂತ ಸುಮಾರು ಶೇ. 46ರಷ್ಟು ಹೆಚ್ಚು. ಈ ಕೋಳಿಗಳ ಮೂಲ ಏಷ್ಯಾದ ಕೆಂಪು ಕಾಡುಕೋಳಿಯೆಂಬುದು ಬಹುಕಾಲದಿಂದ ತಿಳಿದ ಸಂಗತಿಯಾಗಿದ್ದು, ಅನೇಕ ಸಾಕುಕೋಳಿಗಳ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿಯು ಪಶ್ಚಿಮಘಟ್ಟವೂ ಸೇರಿದಂತೆ ದಕ್ಷಿಣ ಭಾರತದ ಕಾಡುಗಳಲ್ಲಿ ವಾಸಿಸುವ ಬೂದು ಕಾಡುಕೋಳಿಯಿಂದ ಬಂದಿರುವುದನ್ನು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಮಲೆನಾಡಿನ ಕಾಡಂಚಿನಲ್ಲಿ ಕೂಗುವ ಹಕ್ಕಿಯೊಂದರ ಪಾಲು ಜಗತ್ತಿನ ಬಹುಪಾಲು ಕೋಳಿಗೂಡುಗಳಲ್ಲಿ ಸೇರಿಕೊಂಡಿದೆಯೆಂಬುದು ಕನ್ನಡ ಓದುಗರು ನೆನಪಿಡಬೇಕಾದ ವಿಷಯ.

ನಾಟಿ ಕೋಳಿ, ಎಂದರೆ ಯಾವ ಸಂಸ್ಥೆಯೂ ರೂಪಿಸದೆ ಊರಿನಲ್ಲೇ ತಲೆಮಾರುಗಳಿಂದ ಬೆಳೆದುಬಂದ ಕೋಳಿ, ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆಗಳನ್ನು ಮಾತ್ರ ಇಡುತ್ತದೆ. ಮೊಟ್ಟೆಗೆಂದೇ ರೂಪಿಸಿದ ವಾಣಿಜ್ಯ ತಳಿಗಳು 300ಕ್ಕೂ ಹೆಚ್ಚು ಇಡುತ್ತವೆ. ಈ ವ್ಯತ್ಯಾಸಕ್ಕೆ ಆಹಾರವಷ್ಟೇ ಕಾರಣವಲ್ಲ. ನಾಟಿ ಹೇಂಟೆ ಒಂದು ಸರದಿಯಲ್ಲಿ ಹನ್ನೆರಡು ಹದಿನೈದು ಮೊಟ್ಟೆಗಳನ್ನಿಟ್ಟ ಬಳಿಕ ಅದರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ, ಮೊಟ್ಟೆ ಇಡುವುದು ನಿಂತು, ಅದು ಕಾವಿಗೆ ಕೂರುತ್ತದೆ. ವಾಣಿಜ್ಯ ತಳಿಗಳಲ್ಲಿ ಈ ಗುಣವನ್ನು ಆಯ್ಕೆಯ ಮೂಲಕ ತೆಗೆದುಹಾಕಲಾಗಿರುವುದರಿಂದ ಅವು ನಿಲ್ಲದೆ ಮೊಟ್ಟೆ ಇಡುತ್ತವೆ, ಆದರೆ ತಮ್ಮ ಸಂತಾನವನ್ನು ತಾವೇ ಹೊರತರಲಾರವು. ಹಾಗಾಗಿ ನಾಟಿ ಕೋಳಿಯ ಕಡಿಮೆ ಮೊಟ್ಟೆಯನ್ನು ದೋಷವೆಂದು ಮಾತ್ರ ಎಣಿಸುವುದು ನ್ಯಾಯವಲ್ಲ. ವಿದ್ಯುತ್ತು, ಯಂತ್ರ, ಹೊರಗಿನ ಮರಿ ಯಾವುದನ್ನೂ ಬೇಡದೆ ಹಿಂಡು ತನ್ನನ್ನು ತಾನೇ ಮುಂದುವರಿಸಿಕೊಳ್ಳುವ ಶಕ್ತಿಗೆ ಅದು ತೆರುವ ಬೆಲೆಯೇ ಈ ಕಡಿಮೆ ಮೊಟ್ಟೆ.

ಕಾವಿಗೆ ಇಡುವ ಕೆಲಸದಲ್ಲಿ ಮನೆಯ ಹೆಂಗಸರ ಅನುಭವ ಎದ್ದು ಕಾಣುತ್ತದೆ. ಬುಟ್ಟಿಯ ತಳದಲ್ಲಿ ಮರಳು ಅಥವಾ ಹೊಟ್ಟು ಹರಡಿ, ಮೇಲೆ ಹುಲ್ಲು ಹಾಸಿ, ಒಂದು ವಾರಕ್ಕಿಂತ ಹಳತಾಗದ, ಸೀಳಿಲ್ಲದ, ಮಧ್ಯಮ ಗಾತ್ರದ ಹತ್ತು ಹನ್ನೆರಡು ಮೊಟ್ಟೆಗಳನ್ನು ಆರಿಸಿ ಇಡುತ್ತಾರೆ. ಹೇಂಟೆಯ ಮೈ ಮುಚ್ಚಲಾರದಷ್ಟು ಮೊಟ್ಟೆಗಳನ್ನಿಟ್ಟರೆ ಅಂಚಿನವು ತಣ್ಣಗಾಗಿ ಕೆಡುತ್ತವೆ. ಬುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಚೂರು, ಒಣಮೆಣಸಿನಕಾಯಿ ಇಡುವ ರೂಢಿಯೂ ಕೆಲವೆಡೆ ಇದೆ, ಗುಡುಗಿಗೆ ಮೊಟ್ಟೆ ಕೆಡದಿರಲೆಂಬ ನಂಬಿಕೆಯಿಂದ. ಮುಂದಿನ 21 ದಿನ ಹೇಂಟೆ ದಿನಕ್ಕೊಮ್ಮೆ, ಕಾಲು ಗಂಟೆಯಷ್ಟು ಹೊತ್ತು ಮಾತ್ರ ಎದ್ದು ನೀರು ಕುಡಿದು, ಕಾಳು ತಿಂದು ಮರಳುತ್ತದೆ. ಉಳಿದ ಹೊತ್ತಿನಲ್ಲಿ ಕೊಕ್ಕಿನಿಂದ ಮೊಟ್ಟೆಗಳನ್ನು ಮತ್ತೆ ಮತ್ತೆ ಹೊರಳಿಸುತ್ತಿರುತ್ತದೆ, ಏಕೆಂದರೆ ಹೊರಳಿಸದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಏಳನೆಯ ದಿನದ ಹೊತ್ತಿಗೆ ರಾತ್ರಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ, ಜೀವವಿರುವ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಹರಡಿದ ರಕ್ತನಾಳಗಳು ಕಾಣುತ್ತವೆ. ಪೂರ್ತಿ ತಿಳಿಯಾಗಿ ಕಂಡದ್ದನ್ನು ತೆಗೆದುಬಿಡಬಹುದು. ಮರಿ ಚಿಪ್ಪೊಡೆಯುವ ಮುನ್ನ ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದರಿಂದ ಮೊದಲ ಎರಡು ದಿನ ಅದಕ್ಕೆ ಆಹಾರವಿಲ್ಲದಿದ್ದರೂ ನಡೆಯುತ್ತದೆ, ಮತ್ತು ಹೇಂಟೆಯು ಕೊನೆಯ ಮರಿ ಹೊರಬರುವವರೆಗೆ ಬುಟ್ಟಿ ಬಿಡದೆ ಕೂರಲು ಸಾಧ್ಯವಾಗುವುದೂ ಇದರಿಂದಲೇ.

ನಿಜವಾದ ನಷ್ಟ ಶುರುವಾಗುವುದು ಇದಾದ ಮೇಲೆ. ಹತ್ತು ಮೊಟ್ಟೆಯಲ್ಲಿ ಎಂಟು ಮರಿ ಹೊರಬಂದರೂ ಎರಡು ತಿಂಗಳು ದಾಟುವುದು ಅವುಗಳಲ್ಲಿ ಕೆಲವೇ ಆಗಿರುವುದು ಹಳ್ಳಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ನಷ್ಟವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಎಳೆಯ ಮರಿಯ ಮೈಮೇಲೆ ತುಪ್ಪುಳವಷ್ಟೇ ಇದ್ದು, ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಮೂರು ನಾಲ್ಕು ವಾರಗಳವರೆಗೆ ಬರುವುದಿಲ್ಲವಾದ್ದರಿಂದ, ಜಡಿಮಳೆಯಲ್ಲಿ ಒಮ್ಮೆ ನೆನೆದರೂ ಅದು ಬದುಕುವುದು ಕಷ್ಟ. ಮೇಲಿನಿಂದ ಹದ್ದು, ಕಾಗೆ, ನೆಲದಲ್ಲಿ ಮುಂಗುಸಿ, ಕಾಡುಬೆಕ್ಕು, ನಾಯಿ, ರಾತ್ರಿ ಹೆಗ್ಗಣ ಮತ್ತು ಹಾವು. ತಾಯಿಕೋಳಿ ಈ ಅಪಾಯಗಳ ನಡುವೆ ಭೇದ ಮಾಡಿ ಎಚ್ಚರಿಸುತ್ತದೆ: ಆಕಾಶದಲ್ಲಿ ಹದ್ದು ಕಂಡರೆ ಒಂದು ಬಗೆಯ ಕೂಗು, ನೆಲದ ಮೇಲೆ ವೈರಿ ಕಂಡರೆ ಇನ್ನೊಂದು ಬಗೆಯ ಕೂಗು, ಮತ್ತು ಮರಿಗಳು ಮೊದಲನೆಯದಕ್ಕೆ ಪೊದೆಯೊಳಗೆ ಅಡಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನೋಡಿ ಓಡುತ್ತವೆ.

ಆಧುನಿಕ ಮಾರ್ಗದರ್ಶನವು ಮರಿಗಳನ್ನು ಬೇಗನೇ ತಾಯಿಯಿಂದ ಬೇರ್ಪಡಿಸಿ, ತಗಡು ಅಥವಾ ರಟ್ಟಿನಿಂದ ದುಂಡಗೆ ಕಟ್ಟಿದ ಆವರಣದಲ್ಲಿ ಬಲ್ಬಿನ ಬಿಸಿಯಲ್ಲಿ ಬೆಳೆಸುವಂತೆ ಹೇಳುತ್ತದೆ, ಏಕೆಂದರೆ ಮರಿ ಬಿಟ್ಟ ಹೇಂಟೆ ಬೇಗ ಮತ್ತೆ ಮೊಟ್ಟೆಗೆ ಬಂದು ವರ್ಷದಲ್ಲಿ ಒಂದೆರಡು ಸರದಿ ಹೆಚ್ಚಾಗುತ್ತದೆ. ಈ ಕ್ರಮದಲ್ಲಿ ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕಾಗುತ್ತದೆ. ಉಷ್ಣಮಾಪಕವಿಲ್ಲದಿದ್ದರೂ ಮರಿಗಳೇ ಅದನ್ನು ತಿಳಿಸುತ್ತವೆ, ಬಲ್ಬಿನ ಕೆಳಗೆ ಒಂದರ ಮೇಲೊಂದು ಮುದ್ದೆಯಾಗಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ವಿದ್ಯುತ್ತು ನೆಚ್ಚಿಕೆಗೆ ಬಾರದ ಊರುಗಳಲ್ಲಿ ತಾಯಿಯನ್ನು ಬೇಗ ದೂರಮಾಡುವುದು ಜಾಣತನವಲ್ಲ. ಅಂಥ ಕಡೆ ತಾಯಿ ಮತ್ತು ಮರಿಗಳನ್ನು ಮೊದಲ ಮೂರು ನಾಲ್ಕು ವಾರ ಬಿದಿರಿನ ದೊಡ್ಡ ಮಂಕರಿಯಡಿಯಲ್ಲಿಟ್ಟು, ಅಲ್ಲೇ ನುಚ್ಚು ಮತ್ತು ನೀರು ಕೊಟ್ಟು, ಬಿಸಿಲು ಏರಿದ ಮೇಲೆ ಮಾತ್ರ ಕಣ್ಣಳತೆಯಲ್ಲಿ ಹೊರಬಿಡುವ ಹಳೆಯ ಕ್ರಮವೇ ಹೆಚ್ಚು ಮರಿಗಳನ್ನು ಉಳಿಸುತ್ತದೆ.

ಹಿತ್ತಲ ಕೋಳಿಗೆ ಖರ್ಚಿಲ್ಲವೆಂಬ ಮಾತು ಒಂದು ಮಿತಿಯವರೆಗೆ ಮಾತ್ರ ನಿಜ. ಚೆಲ್ಲಿದ ಕಾಳು, ಎಳೆ ಗರಿಕೆ, ಗೆದ್ದಲು, ಎರೆಹುಳು, ಅಡುಗೆಮನೆಯ ಉಳಿಕೆ ಇವೆಲ್ಲ ಸೇರಿ ಒಂದು ಮನೆಯ ಸುತ್ತಲ ನೆಲ ಇಷ್ಟೇ ಕೋಳಿಗಳಿಗೆ ಮೇವು ಒದಗಿಸಬಲ್ಲದು. ಅದನ್ನು ಮೀರಿ ಹಿಂಡು ಬೆಳೆದರೆ ಎಲ್ಲವೂ ಅರೆಹೊಟ್ಟೆಯಲ್ಲಿದ್ದು ಮೊದಲು ಮೊಟ್ಟೆ ನಿಲ್ಲುತ್ತದೆ, ಆಮೇಲೆ ರೋಗ ಹಿಡಿಯುತ್ತದೆ. ನೆಲದಲ್ಲಿ ಸಾಮಾನ್ಯವಾಗಿ ಕೊರತೆಯಾಗುವುದು ಸಸಾರಜನಕ, ಅಂದರೆ ಮೈ ಬೆಳೆಯಲು ಬೇಕಾದ ಪ್ರೋಟೀನು. ಅದನ್ನು ತುಂಬಲು ಸಗಣಿ ಮತ್ತು ಒಣಹುಲ್ಲು ತುಂಬಿದ ಮಡಕೆಯನ್ನು ಹುತ್ತದ ಬಳಿ ರಾತ್ರಿ ಬೋರಲು ಹಾಕಿ, ಬೆಳಿಗ್ಗೆ ಅದರಲ್ಲಿ ಸೇರಿದ ಗೆದ್ದಲನ್ನು ಮರಿಗಳಿಗೆ ಸುರಿಯುವ ಉಪಾಯವೂ, ನೀರಿನ ತೊಟ್ಟಿಯಲ್ಲಿ ಅಜೋಲಾ ಬೆಳೆಸುವ ಕ್ರಮವೂ ಇವೆ. ಅಜೋಲಾ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ತನ್ನ ಎಲೆಯೊಳಗೆ ನೆಲೆಸಿದ ಸೂಕ್ಷ್ಮಜೀವಿಯ ನೆರವಿನಿಂದ ಗಾಳಿಯ ಸಾರಜನಕವನ್ನೇ ಹಿಡಿದು ಬೆಳೆಯುವುದರಿಂದ ಅದರಲ್ಲಿ ಪ್ರೋಟೀನು ಹೇರಳ, ಹಸುವಿಗೂ ಅದನ್ನು ಹಿಂಡಿಯೊಂದಿಗೆ ಬೆರೆಸಿ ಕೊಡಬಹುದು. ಮೊಟ್ಟೆಯಿಡುವ ಹೇಂಟೆಗೆ ಸುಣ್ಣದಂಶವೂ ಬೇಕು: ಒಂದು ಮೊಟ್ಟೆ ರೂಪುಗೊಳ್ಳಲು ಹಿಡಿಯುವ ಸುಮಾರು 25 ಗಂಟೆಗಳಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಮತ್ತು ಆ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ, ಮೇವಿನಲ್ಲಿ ಅದು ಸಿಗದಿದ್ದರೆ ಹೇಂಟೆ ತನ್ನ ಮೂಳೆಯಿಂದಲೇ ತೆಗೆದುಕೊಡುತ್ತದೆ.

ನಾಟಿ ಕೋಳಿಯ ಗಟ್ಟಿತನವನ್ನೂ ಹೆಚ್ಚು ಮೊಟ್ಟೆಯನ್ನೂ ಕೂಡಿಸುವ ಪ್ರಯತ್ನದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಗಿರಿರಾಜ ತಳಿಯನ್ನು ಬಿಡುಗಡೆ ಮಾಡಿತು. ವರ್ಷಕ್ಕೆ 130ರಿಂದ 150 ಮೊಟ್ಟೆ, ಬೇಗ ಬರುವ ತೂಕ, ನಾಟಿಯಂತೆಯೇ ಕಾಣುವ ಬಣ್ಣಬಣ್ಣದ ಪುಕ್ಕ ಇದರ ಗುಣಗಳು. 2005ರಲ್ಲಿ ಬಂದ ಸ್ವರ್ಣಧಾರ 180ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ, ಮೈಭಾರ ಕಡಿಮೆಯಿರುವುದರಿಂದ ವೈರಿಯಿಂದ ತಪ್ಪಿಸಿಕೊಳ್ಳುವುದೂ ಅದಕ್ಕೆ ಸುಲಭ. ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ತಳಿಗಳೂ ಕರ್ನಾಟಕದಲ್ಲಿ ಹರಡಿವೆ. ಇವೆಲ್ಲ ಉಪಯುಕ್ತವೇ, ಆದರೆ ಇವು ಕಾವಿಗೆ ಕೂರುವುದು ಅಪರೂಪ, ಮನೆಯಲ್ಲೇ ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ಮೂಲ ಗುಣಗಳು ಹಾಗೆಯೇ ಉಳಿಯುವುದಿಲ್ಲ, ಆದ್ದರಿಂದ ಪ್ರತಿಸಲವೂ ಮರಿಗಳನ್ನು ಕೊಳ್ಳಬೇಕಾಗುತ್ತದೆ. ಕೆಲವು ನಾಟಿ ಹೇಂಟೆಗಳನ್ನು ಬಿಡದೆ ಉಳಿಸಿಕೊಂಡು, ಕೊಂಡುತಂದ ತಳಿಯ ಮೊಟ್ಟೆಗಳಿಗೂ ಅವುಗಳಿಂದಲೇ ಕಾವು ಕೊಡಿಸುವ ಮನೆಗಳು ಎರಡರ ಅನುಕೂಲವನ್ನೂ ಪಡೆಯುತ್ತವೆ.

ದಿನದ ಕೆಲಸಗಳ ಹೊತ್ತನ್ನು ಗೊತ್ತುಮಾಡುವುದು ಹಸು. ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಹಾಲು ತಲುಪಬೇಕಾದ್ದರಿಂದ ಕೊಟ್ಟಿಗೆಯ ಕಸ ತೆಗೆದು, ಕೆಚ್ಚಲು ತೊಳೆದು, ಹಾಲು ಕರೆಯುವ ಕೆಲಸ ಬೆಳಕು ಹರಿಯುವ ಮುನ್ನವೇ ಆರಂಭವಾಗುತ್ತದೆ. ಸಂಘದಲ್ಲಿ ಹಾಲಿನ ಕೊಬ್ಬು ಮತ್ತು ಕೊಬ್ಬೇತರ ಘನಾಂಶ ಅಳೆದು ದರ ನಿಗದಿಯಾಗುತ್ತದೆ. ರಾಗಿಹುಲ್ಲು ಭತ್ತದ ಹುಲ್ಲಿಗಿಂತ ಸತ್ತ್ವವುಳ್ಳದ್ದಾದರೂ ಅದೊಂದೇ ಸಾಲದು. ಹಸಿಮೇವು, ಬೂಸಾ, ಹಿಂಡಿಗಳ ಜೊತೆಗೆ ಯಥೇಚ್ಛ ನೀರು ಬೇಕು, ಏಕೆಂದರೆ ಪ್ರತಿ ಲೀಟರ್ ಹಾಲಿಗೆ ಹಸುವಿಗೆ 4–5 ಲೀಟರ್ ನೀರು ಬೇಕಾಗುತ್ತದೆ. ಬೆದೆಯ ಲಕ್ಷಣಗಳನ್ನು ಗಮನಿಸುವುದು ದಿನಚರಿಯ ಇನ್ನೊಂದು ಭಾಗ. ಹಸು 21 ದಿನಗಳಿಗೊಮ್ಮೆ, ಅದೂ ಒಂದು ದಿನಕ್ಕಿಂತ ಕಡಿಮೆ ಅವಧಿಗೆ ಬೆದೆಗೆ ಬರುತ್ತದೆ. ಬೆಳಿಗ್ಗೆ ಲಕ್ಷಣ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿಯ ನಿಯಮ, ತಪ್ಪಿದರೆ ಮೂರು ವಾರದ ಮೇವು ವ್ಯರ್ಥ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕೆಂಬುದೂ ಇಂಥದೇ ಹೊತ್ತಿನ ಮಾತು: ರೋಗ ತಡೆಯುವ ಅಂಶಗಳು ಹಸುವಿನಲ್ಲಿ ಗರ್ಭದ ಮೂಲಕ ಕರುವಿಗೆ ದಾಟುವುದಿಲ್ಲ, ಗಿಣ್ಣುಹಾಲಿನ ಮೂಲಕವೇ ದಾಟುತ್ತವೆ, ಮತ್ತು ಒಂದು ದಿನ ಕಳೆದರೆ ಕರುಳು ಅವನ್ನು ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಇಂಥ ಸಂದರ್ಭಗಳಲ್ಲಿ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುವ ಏರ್ಪಾಡು ರಾಜ್ಯದಲ್ಲಿದೆ.

ಕುರಿ, ಮೇಕೆಗಳದ್ದು ಬೇರೆ ಹೊತ್ತು. ಮಳೆಗಾಲದಲ್ಲಿ ಅವನ್ನು ಇಬ್ಬನಿ ಆರಿದ ಮೇಲೆಯೇ ಮೇಯಲು ಬಿಡಬೇಕೆಂದು ಹಿರಿಯರು ಹೇಳುವುದಕ್ಕೆ ಸರಿಯಾದ ಕಾರಣವಿದೆ: ಹಿಕ್ಕೆಯಿಂದ ಹೊರಬಂದ ಜಂತುಹುಳುವಿನ ಮರಿಗಳು ಒದ್ದೆ ಹುಲ್ಲಿನ ತುದಿಗೆ ಏರಿ ಕುಳಿತಿರುತ್ತವೆ, ಬಿಸಿಲೇರಿ ಹುಲ್ಲು ಒಣಗಿದಾಗ ಬುಡಕ್ಕೆ ಇಳಿಯುತ್ತವೆ. ನೆಲದ ಹುಲ್ಲಿಗಿಂತ ಎತ್ತರದ ಸೊಪ್ಪನ್ನು ಬಯಸುವ ಮೇಕೆಗೆ ಹಲಸು, ನುಗ್ಗೆ, ಸುಬಾಬುಲ್ ಸೊಪ್ಪಿನ ಕಟ್ಟುಗಳನ್ನು ತೂಗುಹಾಕಿದರೆ ಹುಳುವಿನ ಬಾಧೆಯೂ ಮೇವು ತುಳಿದು ಹಾಳಾಗುವುದೂ ತಗ್ಗುತ್ತವೆ. ಮೊದಲ ಮಳೆಗೆ ಚಿಗುರಿದ ಎಳೆಹುಲ್ಲನ್ನು ಕುರಿ ಹೊಟ್ಟೆಬಿರಿಯ ತಿಂದಾಗ ಕರುಳಿನ ಬ್ಯಾಕ್ಟೀರಿಯಾ ಹಠಾತ್ತನೆ ಹೆಚ್ಚಿ ವಿಷ ಉಂಟುಮಾಡುವ ಕರುಳುಬೇನೆಯಿಂದ, ಸಂಜೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುವುದುಂಟು. ಮುಂಗಾರಿಗೆ ಮುನ್ನ ಲಸಿಕೆ ಹಾಕಿಸಿದವರಿಗೆ ಈ ಸಾವಿನ ಭಯ ಬಹುಮಟ್ಟಿಗೆ ಇಲ್ಲ. ಮಂಡ್ಯ, ಮೈಸೂರು ಸೀಮೆಯ ಗಿಡ್ಡ ಕಾಲಿನ, ಹಿಂದಿನಿಂದ ನೋಡಿದರೆ ತೊಡೆಗಳು ಕಮಾನಿನಂತೆ ತುಂಬಿರುವ ಬನ್ನೂರು ಕುರಿ ಮಾಂಸಕ್ಕೆ ಹೆಸರಾಗಿದ್ದು, ಬಕ್ರೀದ್ ಹೊತ್ತಿಗೆ ಬೆಳೆದ ಟಗರು ಮನೆಯ ದೊಡ್ಡ ಖರ್ಚೊಂದನ್ನು ತೂಗಿಸುತ್ತದೆ.

ಕೋಳಿಗೂ ಇಂಥ ಪಂಚಾಂಗವಿದೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಮೈಸೂರು ಸೀಮೆಯಲ್ಲೂ ಬೆಂಗಳೂರಿನಲ್ಲೂ ನಾಟಿ ಹುಂಜಕ್ಕೆ ಬೇಡಿಕೆ ಏರುತ್ತದೆ, ಶ್ರಾವಣದಲ್ಲಿ ಕುಸಿಯುತ್ತದೆ, ಪಿತೃಪಕ್ಷಕ್ಕೆ ಮತ್ತೆ ಏರುತ್ತದೆ. ನಾಟಿ ಹುಂಜ ಮಾರುವ ತೂಕಕ್ಕೆ ಬರಲು ಐದಾರು ತಿಂಗಳು ಬೇಕಾದ್ದರಿಂದ ಯುಗಾದಿಯ ಮಾರಾಟಕ್ಕೆ ಕಾವು ಇಡಬೇಕಾದದ್ದು ಸೆಪ್ಟೆಂಬರ್ ಹೊತ್ತಿಗೆ. ಈ ಲೆಕ್ಕವನ್ನು ಹಾಕುವವರು, ಮೊಟ್ಟೆ ಮಾರುವವರು, ಯಾವ ಹೇಂಟೆಯನ್ನು ಉಳಿಸಬೇಕೆಂದು ನಿರ್ಧರಿಸುವವರು ಬಹುತೇಕ ಮನೆಯ ಹೆಂಗಸರೇ. ಹಾಲಿನ ಹಣ ಬ್ಯಾಂಕ್ ಖಾತೆಗೆ ಹೋಗಿ ಸಾಲ, ಗೊಬ್ಬರ, ಬಿತ್ತನೆಗೆ ಕರಗಿದರೆ, ಕೋಳಿಯ ಹಣ ಅವರ ಕೈಯಲ್ಲೇ ಉಳಿದು ಮಕ್ಕಳ ಪುಸ್ತಕಕ್ಕೋ ಔಷಧಕ್ಕೋ ಯಾರ ಅಪ್ಪಣೆಯೂ ಇಲ್ಲದೆ ಸಲ್ಲುತ್ತದೆ. ಆದ್ದರಿಂದ ಕೋಳಿ ಸತ್ತಾಗ ಆಗುವ ನಷ್ಟ ಸಣ್ಣದೆಂದು ಹೇಳುವವರು ಅದು ಯಾರ ನಷ್ಟವೆಂಬುದನ್ನು ಮರೆಯುತ್ತಾರೆ.

ಸಂಜೆ ಕತ್ತಲಾಗುತ್ತಿದ್ದಂತೆ ಕಣ್ಣು ಮಂಜಾಗುವ ಕೋಳಿಗಳು ತಾವಾಗಿಯೇ ಗೂಡಿಗೆ ಮರಳುತ್ತವೆ, ಎಣಿಸಿ ಬಾಗಿಲು ಹಾಕುವುದಷ್ಟೇ ಉಳಿಯುವ ಕೆಲಸ. ನೆಲದಿಂದ ಎರಡಡಿ ಎತ್ತರಿಸಿದ, ಗಾಳಿಯಾಡುವ, ಒಂದು ಕೋಳಿಗೆ ಸುಮಾರು 1 ಚದರ ಅಡಿಯಷ್ಟು ಜಾಗವಿರುವ ಗೂಡು ಸಾಕು. ಕೂರುವ ಗಳುವಿನ ಸಂದುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಕೋಳಿಹೇನಿಗೆ ಆಗಾಗ ಸುಣ್ಣ ಬಳಿಯಬೇಕು.

ಇಷ್ಟೆಲ್ಲ ಆರೈಕೆಯನ್ನು ಒಂದೇ ವಾರದಲ್ಲಿ ನಿಷ್ಫಲಗೊಳಿಸುವ ಕಾಯಿಲೆ ಕೊಕ್ಕರೆ ರೋಗ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲಾದ ಈ ವೈರಾಣು ರೋಗ ಕೆಲವೇ ಕಾಲದಲ್ಲಿ ಕುಮಾವೂಂ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡುಬಂದುದರಿಂದ ಭಾರತದಲ್ಲಿ ಅದಕ್ಕೆ ಆ ಊರಿನ ಹೆಸರೂ ಅಂಟಿತು. ಹಸಿರು ಬೆರೆತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು, ಸೋತ ಕಾಲು ರೆಕ್ಕೆ ಇದರ ಲಕ್ಷಣಗಳು. ಲಸಿಕೆಯಿಲ್ಲದ ಹಿಂಡಿಗೆ ಉಗ್ರರೂಪದಲ್ಲಿ ತಗುಲಿದರೆ ಬಹುಪಾಲು ಕೋಳಿಗಳು ಸಾಯುತ್ತವೆ, ಮತ್ತು ಇದಕ್ಕೆ ಚಿಕಿತ್ಸೆಯಿಲ್ಲ. ಹಿಂಡಿನಲ್ಲಿ ಒಂದೆರಡು ಸತ್ತ ಕೂಡಲೇ ಉಳಿದವನ್ನು ಸಂತೆಗೆ ಒಯ್ದು ಮಾರುವುದರಿಂದ ರೋಗ ಊರಿಂದೂರಿಗೆ ಹರಡುತ್ತದೆ. ಕೊಂಡುತಂದ ಕೋಳಿಯನ್ನು ಎರಡು ವಾರವಾದರೂ ಬೇರೆ ಇಟ್ಟು ನೋಡದೆ ಹಿಂಡಿಗೆ ಸೇರಿಸಬಾರದೆಂಬ ಎಚ್ಚರಿಕೆ ಈ ಕಾರಣಕ್ಕಾಗಿಯೇ.

ತಡೆಯುವ ದಾರಿ ಸರಳವಾಗಿಯೇ ಇದೆ. ಮರಿಗೆ ಐದರಿಂದ ಏಳು ದಿನವಾದಾಗ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ ಅಥವಾ ಮೂಗಿಗೆ, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ಆರ್2ಬಿ ಚುಚ್ಚುಮದ್ದು. ತೊಡಕಿರುವುದು ಪ್ರಮಾಣದಲ್ಲಿ ಮತ್ತು ಶೈತ್ಯದಲ್ಲಿ: ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ತರಬೇಕು, ಸೀಸೆಯೊಂದರಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ, ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸದಿದ್ದರೆ ಅದು ಕೆಡುತ್ತದೆ. ಹತ್ತು ಕೋಳಿಯ ಒಡತಿ ಒಬ್ಬಳೇ ಇದನ್ನು ತರಿಸುವುದು ಕಾರ್ಯಸಾಧ್ಯವಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಐ-2 ಎಂಬ, ಬಿಸಿಯನ್ನು ಹೆಚ್ಚು ತಾಳಿಕೊಳ್ಳುವ ಲಸಿಕೆ ಆಫ್ರಿಕಾ ಮತ್ತು ಏಷ್ಯಾದ ಅನೇಕ ಹಳ್ಳಿಗಳಲ್ಲಿ ಶೈತ್ಯದ ತೊಡಕನ್ನು ಹಗುರಗೊಳಿಸಿದೆಯಾದರೂ ಪ್ರಮಾಣದ ತೊಡಕನ್ನು ನೀಗಿಸಬೇಕಾದವರು ಊರಿನವರೇ. ಒಂದು ಬೀದಿಯ ಹತ್ತು ಹದಿನೈದು ಮನೆಯವರು, ಅಥವಾ ಒಂದು ಸ್ವಸಹಾಯ ಸಂಘದ ಸದಸ್ಯೆಯರು, ಹಣ ಕೂಡಿಸಿ ಒಂದು ಸೀಸೆ ತರಿಸಿ, ಕೋಳಿಗಳೆಲ್ಲ ಗೂಡು ಸೇರಿ ಹಿಡಿಯಲು ಸುಲಭವಾಗುವ ಮುಸ್ಸಂಜೆಯಲ್ಲಿ ಮನೆಯಿಂದ ಮನೆಗೆ ಹೋಗಿ ಒಂದೇ ಸಲಕ್ಕೆ ಹಾಕಿ ಮುಗಿಸಿದರೆ ಖರ್ಚು ಕೋಳಿಯೊಂದಕ್ಕೆ ಕೆಲವೇ ರೂಪಾಯಿಯಾಗುತ್ತದೆ. ಬಿಸಿಲು ಬಲಿಯುವ ಮಾರ್ಚ್‌ನಲ್ಲಿ ರೋಗ ಹೆಚ್ಚಾಗಿ ಕಾಣಿಸುವುದರಿಂದಲೂ ಹೊಸತೊಡಕಿಗಾಗಿ ಕೋಳಿಗಳ ಸಾಗಾಟ ಏರುವುದು ಅದರ ಆಸುಪಾಸಿನಲ್ಲೇ ಆಗಿರುವುದರಿಂದಲೂ, ಈ ಕೆಲಸಕ್ಕೆ ಸಂಕ್ರಾಂತಿ ಕಳೆದ ಮೇಲಿನ ವಾರಗಳು ಸರಿಯಾದ ಕಾಲ.